ರದ್ದಿ ಪೆಟ್ಟಿಗೆಯಲ್ಲಿ ಸಿಕ್ಕ ತಂಗಿ

ಬೆಳಗಿನ ಐದೂವರೆ. ಜರ್ಮನಿಯ ಕಾರ್ಲ್ಸ್‌ರುಹೆ ಊರಂಚಿನ ಹಳೇ ಪುಸ್ತಕಗಳ ಗೋದಾಮಿನಲ್ಲಿ ಕಾಂತಾಮಣಿ ಮೊದಲ ರಟ್ಟಿನ ಪೆಟ್ಟಿಗೆಯ ಟೇಪು ಸೀಳುತ್ತಾರೆ. ಮಾರಾಟಕ್ಕಾದರೆ ಎಡಕ್ಕೆ, ದಾನಕ್ಕಾದರೆ ಬಲಕ್ಕೆ, ಎರಡಕ್ಕೂ ಬಾರದ್ದು ಹಿಂದಿನ ಕಬ್ಬಿಣದ ತೊಟ್ಟಿಗೆ. ಅದರ ಮೇಲೆ ‘ಆಲ್ಟ್‌ಪಾಪಿಯರ್’ ಎಂದಿದೆ; ನಮ್ಮ ಮಾತಿನಲ್ಲಿ ರದ್ದಿ. ದಿನಕ್ಕೆ ಸಾವಿರ ಪುಸ್ತಕ, ಒಂದೊಂದಕ್ಕೆ ಅರ್ಧ ನಿಮಿಷವೂ ಇಲ್ಲ. ಆದರೆ ಮಾಸಿದ ಇಂಗ್ಲಿಷ್ ಕಾದಂಬರಿ ಸಿಕ್ಕರೆ ಅವರ ಕೈ ನಿಧಾನವಾಗುತ್ತದೆ. ನಡುವೆ ಎಲ್ಲೋ ತೆರೆದು ಎರಡು ಪುಟ ಕಣ್ಣಾಡಿಸುತ್ತಾರೆ. ಕೆಲವೊಮ್ಮೆ ಏಪ್ರನ್ ಜೇಬಿನಿಂದ ಒಂದು ಕಾರ್ಡು ತೆಗೆದು ಏನೋ ಬರೆದುಕೊಳ್ಳುತ್ತಾರೆ.

ಆ ಕಾರ್ಡುಗಳಲ್ಲಿರುವುದೆಲ್ಲ ಒಬ್ಬರೇ ಲೇಖಕಿ, ಮಾರ್ಜರಿ ಟ್ರೆಗಿಲ್. ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ ಒಂಟಿಯಾಗಿರುವ ಈ ಅಜ್ಜಿಗೆ ಈಗ ಎಂಬತ್ತೇಳು. ಇಪ್ಪತ್ತೆರಡನೇ ವಯಸ್ಸಿನಿಂದ ಬರೆಯುತ್ತಲೇ ಇದ್ದಾರೆ: ಪ್ರೇಮಕಥೆ, ಪತ್ತೇದಾರಿ, ಮಕ್ಕಳಿಗೆ ದೆವ್ವದ ಕಥೆ, ಕೊನೆಗೆ ಕೋಳಿ ಸಾಕುವುದರ ಬಗ್ಗೆಯೂ ಒಂದು ಪುಸ್ತಕ. ಒಂಬತ್ತು ಹೆಸರುಗಳಲ್ಲಿ ಬರೆದಿದ್ದಾರೆ, ಅವುಗಳಲ್ಲಿ ಎರಡು ಗಂಡಸರವು. ಪ್ರಕಾಶಕರ ಪಟ್ಟಿಯ ಪ್ರಕಾರ ಪುಸ್ತಕಗಳು ನೂರ ಎಂಬತ್ತನಾಲ್ಕು. ಕಾಂತಾಮಣಿಯ ಲೆಕ್ಕದಲ್ಲಿ ಇನ್ನೂರ ಮೂವತ್ತೊಂದು.

ಮೈಸೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಹನ್ನೆರಡು ವರ್ಷ ಕ್ಯಾಟಲಾಗ್ ಬರೆದವರು ಕಾಂತಾಮಣಿ. 2001ರಲ್ಲಿ ಪತಿ ಅನೂಪ್‌ಗೆ ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಾಯಿತು. ಪತ್ನಿಯ ಪಾಸ್‌ಪೋರ್ಟಿನಲ್ಲಿ ಮಾತ್ರ ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ ಬಿತ್ತು. “ಅದನ್ನ ಮೊದಲು ಓದಿ ಹೇಳಿದ್ದೇ ನನ್ನ ಮಗಳು ಲಾವಣ್ಯಾ. ಏಳು ವರ್ಷ ಅವಳಿಗೆ. ಶಾಲೆಗೆ ಸೇರಿ ಜರ್ಮನ್ ಕಲಿತಿದ್ದವಳು ಅವಳೊಬ್ಬಳೇ,” ಎಂದು ಕಾಂತಾಮಣಿ ನಗುತ್ತಾರೆ. ಕೆಲಸದ ಪರವಾನಗಿ ಬಂದ ಮೇಲೂ ಗ್ರಂಥಾಲಯಗಳು ಅವರ ಪದವಿಯನ್ನು ಒಪ್ಪಲಿಲ್ಲ. ಒಪ್ಪಿದ್ದು ಈ ಗೋದಾಮು.

ಕುತೂಹಲ ಹತ್ತಿಕೊಂಡದ್ದು ಇಲ್ಲಿಯೇ. ಉತ್ತರ ಜರ್ಮನಿಯ ಬ್ರಿಟಿಷ್ ಸೈನಿಕ ನೆಲೆಯೊಂದರ ಗ್ರಂಥಾಲಯ ಮುಚ್ಚಿ, ಅದರ ಪೆಟ್ಟಿಗೆಗಳು ಬರತೊಡಗಿದ್ದವು. ಊಟದ ಬಿಡುವಿನಲ್ಲಿ ಟ್ರೆಗಿಲ್ ಹೆಸರಿನ ಒಂದು ಕಾದಂಬರಿ ಓದಿದರು. ಅದರಲ್ಲಿ ಡಾಕ್ಟರು ಕೈ ತೊಳೆದು ಕಿಟಕಿಯ ಪರದೆಗೆ ಒರೆಸಿಕೊಳ್ಳುತ್ತಾನೆ. ಮರುವಾರ ಬೇರೆ ಹೆಸರಿನ ಲೇಖಕರ ಪುಸ್ತಕದಲ್ಲೂ ಡಾಕ್ಟರು ಪರದೆಗೇ ಕೈ ಒರೆಸಿದ. “ಇಬ್ರಿಗೂ ಒಂದೇ ಕೆಟ್ಟ ಚಾಳಿ ಹೇಗೆ ಬಂತು ಅಂತ ತಲೇಲಿ ಹುಳ ಬಿಟ್ಟಂಗಾಯ್ತು,” ಎನ್ನುತ್ತಾರೆ. ಅಂದೇ ಕಾರ್ಡು ಬರೆಯಲು ಶುರು. ಡೇಟಾಬೇಸ್ ಮಾಡಿಕೊಡುತ್ತೇನೆಂದ ಅನೂಪ್‌ಗೆ, “ನನ್ನ ಕಾರ್ಡ್ ಮುಟ್ಟಬೇಡಿ” ಎಂಬ ಉತ್ತರ ಸಿಕ್ಕಿತಂತೆ.

ಎರಡು ವರ್ಷದ ಬಳಿಕ ಪಟ್ಟಿಯನ್ನು ಪ್ರಕಾಶಕರಿಗೆ ಕಳಿಸಿದರು. ಅವರು ಅದನ್ನು ಲೇಖಕಿಗೆ ದಾಟಿಸಿದರಷ್ಟೇ. ಉತ್ತರ ಬಂದದ್ದು ಲೇಖಕಿಯಿಂದಲೇ, ನಡುಗುವ ಕೈಬರಹದಲ್ಲಿ. ಪಟ್ಟಿ ಸರಿಯಿದೆ, ಆದರೆ ಮೊದಲ ಪುಸ್ತಕವೇ ಅದರಲ್ಲಿಲ್ಲ ಎಂದಿತ್ತು ಕಾಗದ. ಜ್ವರದಲ್ಲಿ ತೀರಿಹೋದ ತನ್ನ ತಂಗಿಯ ಬಗ್ಗೆ ಬರೆದದ್ದು. ತಂಗಿ ಎಡಗೈಯಲ್ಲಿ ಕೈಗವಸು ಹೊಲಿಯುತ್ತಿದ್ದಳು. ಆಗಿನ ಪ್ರಕಾಶಕ ಪುಸ್ತಕದ ಹೆಸರನ್ನೂ ಲೇಖಕಿಯ ಹೆಸರನ್ನೂ ಬದಲಿಸಿ ಅಚ್ಚು ಹಾಕಿ, ಅಂಗಡಿ ಮುಚ್ಚಿದ. ಅರವತ್ತೈದು ವರ್ಷವಾಯಿತು, ಅಚ್ಚಾದ ಪ್ರತಿಯನ್ನು ಅಜ್ಜಿ ಕಂಡೇ ಇಲ್ಲ.

ಆ ವಾರವೇ ಸೈನಿಕ ನೆಲೆಯ ಕೊನೆಯ ಮೂವತ್ತು ಪೆಟ್ಟಿಗೆಗಳು ಬಂದವು. ತೇವ ಹಿಡಿದಿದ್ದರಿಂದ ಮೇಲ್ವಿಚಾರಕ ಬಿಚ್ಚದೆಯೇ ರದ್ದಿಗೆ ಬರೆದ. ಶುಕ್ರವಾರ ರದ್ದಿ ಒಯ್ಯಲು ಲಾರಿ ತಂದವರು ಉಡುಪಿ ಕಡೆಯ ಸ್ಟ್ಯಾನಿ.

“ಎಂತ ಕಾಂತಕ್ಕ, ಬೂಸ್ಟು ಹಿಡಿದದ್ದರಲ್ಲಿ ಎಂತ ಹುಡುಕುದು ಮಾರಾಯ್ರೆ?”

“ಸ್ಟ್ಯಾನಿ, ಸ್ವಲ್ಪ ನಿಲ್ಲಿಸಿ. ಇದರಲ್ಲಿ ಒಬ್ಬಳು ಹುಡುಗಿ ಇದ್ದಾಳೆ.”

ಸ್ಟ್ಯಾನಿ ಗಡಿಯಾರ ನೋಡಿದರು. “ಹನ್ನೊಂದರವರೆಗೆ ಟೈಮ್ ಉಂಟು. ನಾನು ಬಿಚ್ಚಿ ಕೊಡ್ತೇನೆ, ನೀವು ನೋಡಿ,” ಎಂದು ತೋಳು ಮಡಚಿದರು. ಇಪ್ಪತ್ತಾರನೇ ಪೆಟ್ಟಿಗೆಯಲ್ಲಿ, ರಟ್ಟು ಕಿತ್ತುಹೋದ ಒಂದು ಪುಸ್ತಕ. ಲೇಖಕನದು ಕೇಳರಿಯದ ಗಂಡಸಿನ ಹೆಸರು. ಒಂಬತ್ತನೇ ಪುಟದಲ್ಲಿ ಹುಡುಗಿಯೊಬ್ಬಳು ದೀಪದ ಪಕ್ಕ ಕೂತು ಎಡಗೈಯಿಂದ ಕೈಗವಸು ಹೊಲಿಯುತ್ತಿದ್ದಳು. “ಆ ಪುಟ ತೆರೆದೇ ಸ್ಟ್ಯಾನಿ ಕೈಗೆ ಕೊಟ್ಟೆ,” ಎಂದು ಕಾಂತಾಮಣಿ ನೆನೆಯುತ್ತಾರೆ.

ಪುಸ್ತಕವನ್ನು ಅಂಚೆಗೆ ಹಾಕಿದರು. ಆರು ವಾರ ಸುದ್ದಿಯಿಲ್ಲ. ಅಜ್ಜಿಗೇನಾದರೂ ಆಗಿರಬಹುದೆಂದು ದಿನವೂ ಅಂಚೆಡಬ್ಬಿ ನೋಡಿದರು. ಕೊನೆಗೆ ಬಂದ ಕಾಗದದಲ್ಲಿ ಲೇಖಕಿ ಬರೆದಿದ್ದರು: ಕೊನೆಯ ಅಧ್ಯಾಯ ನನ್ನದಲ್ಲ. ನಾನು ಬರೆದದ್ದರಲ್ಲಿ ಅವಳು ಸಾಯುತ್ತಾಳೆ. ಆ ಪ್ರಕಾಶಕ ಅವಳನ್ನು ಉಳಿಸಿ, ಮದುವೆ ಮಾಡಿ, ದಿಬ್ಬದ ಮೇಲೊಂದು ಮನೆ ಕೊಟ್ಟಿದ್ದಾನೆ. ಒಂದು ದಿನವೆಲ್ಲ ಸಿಟ್ಟಿನಲ್ಲಿದ್ದೆ. ಆಮೇಲೆ ಅನ್ನಿಸಿತು, ಇಷ್ಟು ವರ್ಷ ಅವಳು ಎಲ್ಲೋ ಬದುಕಿಯೇ ಇದ್ದಳಲ್ಲ.

ಆ ಕಾಗದವನ್ನು ಕಾಂತಾಮಣಿ ಗಂಡನಿಗೆ ಎರಡು ಸಲ ಓದಿ ಹೇಳಿದ್ದಾರೆ. ಈಗ ಪಟ್ಟಿಯನ್ನು ಅಚ್ಚು ಹಾಕಲು ಪ್ರಕಾಶಕರೂ ಒಪ್ಪಿದ್ದಾರೆ. ಅಜ್ಜಿ ಇನ್ನೂ ಬರೆಯುತ್ತಿದ್ದಾರೆ, ಚಳಿಗಾಲಕ್ಕೆ ಹೊಸ ಕಾದಂಬರಿ ಬರಲಿದೆಯಂತೆ. ಒಂದು ಪ್ರತಿ ಕಳಿಸುತ್ತೇನೆ ಎಂದು ಅಜ್ಜಿ ಬರೆದಾಗ ಕಾಂತಾಮಣಿ ಬೇಡವೆಂದರಂತೆ.

ಯಾಕೆ ಎಂದರೆ ಕೊಂಚ ನಾಚಿಕೊಳ್ಳುತ್ತಾರೆ. “ಇಷ್ಟೂ ಪುಸ್ತಕ ರದ್ದಿಯಿಂದಲೇ ಓದಿದ್ದೀನಿ ನೋಡಿ. ಈ ಒಂದನ್ನಾದ್ರೂ ಅಂಗಡಿಗೆ ಹೋಗಿ, ಅವರ ಹೆಸರು ಹೇಳಿ, ಕೇಳಿ ತಗೋಬೇಕು.”