ನನ್ನ ಹೆಗಲು, ಮನೆಯವರ ಅಪ್ಪಣೆ

ಹೆಗಲು ಮೊದಲು ಕೈಕೊಟ್ಟದ್ದು ಆಟದಲ್ಲಲ್ಲ, ಜಡೆ ಹಾಕಿಕೊಳ್ಳುವಾಗ.

ಪುಣೆಯಲ್ಲಿ ಒಂದು ಟೂರ್ನಿ ಮುಗಿಸಿ ಬಂದ ಮರುದಿನ ಬೆಳಗ್ಗೆ. ಹೊಳಲ್ಕೆರೆಯ ನಮ್ಮ ಮನೆಯ ಕನ್ನಡಿ ಮುಂದೆ ನಿಂತು ಬಲಗೈ ಎತ್ತಿದೆ. ಕೈ ಕಿವಿಯ ತನಕ ಬಂತು. ಅಲ್ಲಿಂದ ಮೇಲೆ ಏಳಲಿಲ್ಲ. ಹೆಗಲೊಳಗೆ ಎಲ್ಲೋ ಟಕ್ ಎಂದಿತು. ಟೆನಿಸ್ ಆಡಿಯೇ ಬದುಕುವವಳಿಗೆ ಹೆಗಲು ನೋವು ಹೊಸದೇನಲ್ಲ, ಅಡುಗೆಯವರಿಗೆ ಕೈ ಸುಟ್ಟುಕೊಳ್ಳುವುದು ಹೊಸದಲ್ಲವಲ್ಲ, ಹಾಗೆ. ಬಾಚಣಿಗೆಯನ್ನು ಅಮ್ಮನ ಕೈಗೆ ಕೊಟ್ಟು ಕೆಳಗೆ ಕುಳಿತೆ. ಇಪ್ಪತ್ತಾರು ವರ್ಷದ ಕತ್ತೆಗೆ ಇನ್ನೂ ಜಡೆ ಹಾಕಬೇಕಾ ಎಂದು ಅಮ್ಮ ರೇಗಿಸಿದಳು. ನಾನೂ ನಕ್ಕೆ.

ಅಪ್ಪ ನಗಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ.

ಅಪ್ಪನ ಬಗ್ಗೆ ಹೇಳದೆ ಈ ಹೆಗಲಿನ ಕಥೆ ಹೇಳಲು ಬರುವುದಿಲ್ಲ. ಅವನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟ ಕಂಡವನಲ್ಲ. ಎಂಟನೇ ವಯಸ್ಸಿನಲ್ಲಿ ನಾನು ಗೋಡೆಗೆ ಚೆಂಡು ಹೊಡೆಯುವುದನ್ನು ನೋಡಿ ಅವನಿಗೆ ಏನು ತೋಚಿತೋ, ಟಿ.ವಿ. ನೋಡಿ ನೋಡಿ ಟೆನಿಸ್ ಕಲಿತ. ಚಿಕ್ಕಜಾಜೂರು ರಸ್ತೆಯ ಪಕ್ಕದ ನಮ್ಮ ಹೊಲದಲ್ಲಿ ಕೋರ್ಟ್ ಮಾಡಿದ. ರಾಗಿ ಒಕ್ಕಲು ಕಣ ಮಾಡುತ್ತಾರಲ್ಲ, ಥೇಟ್ ಹಾಗೇ: ನೆಲ ಹದ ಮಾಡಿ, ನೀರು ಹಾಯಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದ. ಊರವರು ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದರು. ಆ ಕಣದಲ್ಲಿ ಕಲಿತ ಸರ್ವ್ ನನ್ನನ್ನು ಹತ್ತಾರು ದೇಶ ಸುತ್ತಿಸಿತು. ಓಟದಲ್ಲಿ ನಾನು ಸುಮಾರು, ಬ್ಯಾಕ್‌ಹ್ಯಾಂಡ್ ಅದಕ್ಕಿಂತ ಸುಮಾರು. ನನ್ನ ಆಟವೆಂದರೆ ಸರ್ವ್.

ಹಾಗಾಗಿ ಹೆಗಲು ಹೋದರೆ ಎಲ್ಲವೂ ಹೋದ ಹಾಗೆ.

ದಾವಣಗೆರೆಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಅವರು ಎಂ.ಆರ್.ಐ. ಬರೆದುಕೊಟ್ಟರು. ಸ್ಕ್ಯಾನಿಂಗ್ ಮುಗಿಯಿತು, ರಿಪೋರ್ಟ್ ನಾಳೆ ಎಂದರು. ಮರುದಿನ ನೀನು ಬರುವುದು ಬೇಡ, ಓಟದ ಪ್ರ್ಯಾಕ್ಟೀಸ್ ಮಾಡು ಎಂದು ಅಪ್ಪ ಒಬ್ಬನೇ ಹೋದ. ರಿಪೋರ್ಟ್ ತೆಗೆದುಕೊಂಡು ಡಾಕ್ಟರನ್ನೂ ಕಂಡು ಬಂದ. ಬರೀ ಊತವಂತೆ, ಹತ್ತು ದಿನ ರೆಸ್ಟ್, ಮಾತ್ರೆ, ಐಸ್, ಅಷ್ಟೇ ಎಂದ. ರಿಪೋರ್ಟ್ ಎಲ್ಲಿ ಎಂದು ನಾನು ಕೇಳಲಿಲ್ಲ. ಯಾಕೆ ಕೇಳಲಿ? ನನ್ನ ಪಾಸ್‌ಪೋರ್ಟ್, ಇಮೇಲ್, ಟೂರ್ನಿಗಳ ಎಂಟ್ರಿ, ರೈಲಿನ ಟಿಕೆಟ್ಟು ಎಲ್ಲ ಅಪ್ಪನ ಹತ್ತಿರವೇ ಇರುತ್ತಿದ್ದವು. ನನ್ನ ಕೈಯಲ್ಲಿ ಇದ್ದದ್ದು ರಾಕೆಟ್ ಒಂದೇ.

ಆಗ ಒಂದು ದೊಡ್ಡ ಟೂರ್ನಿಯ ಕ್ವಾಲಿಫೈಯಿಂಗ್ ಪಟ್ಟಿಗೆ ನನ್ನ ಹೆಸರು ಬರಲು ರ‍್ಯಾಂಕಿಂಗ್‌ನಲ್ಲಿ ಕೆಲವೇ ಮೆಟ್ಟಿಲು ಬಾಕಿ ಇದ್ದವು. ಹದಿನೆಂಟು ವರ್ಷ ಅಪ್ಪ ಕಾದದ್ದು ಆ ಪಟ್ಟಿಗೆ. ಇದನ್ನು ಮರೆತು ಅವನನ್ನು ಬೈಯುವುದು ಸುಲಭ. ಮರೆಯದೆಯೂ ಬೈಯುತ್ತೇನೆ.

ಹದಿನಾಲ್ಕು ತಿಂಗಳು ಆಡಿದೆ.

ಮಾತ್ರೆ ನುಂಗಿ ಆಡಿದೆ. ಆಟ ಮುಗಿದ ಮೇಲೆ ಎಡಗೈಯಲ್ಲಿ ಊಟ ಮಾಡಿದೆ. ಎಡಮಗ್ಗುಲಲ್ಲೇ ಮಲಗಿದೆ. ಬ್ಯಾಗಿನಲ್ಲಿ ಮುಂದೆ ಗುಂಡಿ ಇರುವ ಬಟ್ಟೆಗಳಷ್ಟೇ ಉಳಿದವು, ತಲೆಯ ಮೇಲಿಂದ ತೊಡುವುದೆಲ್ಲ ಅಮ್ಮನ ಬೀರುವಿಗೆ ಹೋಯಿತು. ಸರ್ವ್ ಮೆತ್ತಗಾಯಿತು. ಮೊದಲ ಸುತ್ತಿನಲ್ಲೇ ಸೋತು ಸೋತು ಬರತೊಡಗಿದೆ. ಊತ ಅಷ್ಟೇ ಅಲ್ಲವೇ, ಇಷ್ಟು ದಿನಕ್ಕೆ ಇಳಿದಿರಬೇಕು, ಹಾಗಿದ್ದರೆ ತಪ್ಪು ಎಲ್ಲಿದೆ? ಒಮ್ಮೆ ಸೋತು ಬಂದಾಗ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಅಪ್ಪ ಹೇಳಿದ್ದ, ತೊಂದರೆ ಕೈಯಲ್ಲಿಲ್ಲ, ಮನಸ್ಸಲ್ಲಿದೆ, ಮನಸ್ಸು ಗಟ್ಟಿ ಮಾಡಿಕೋ ಎಂದು. ನಾನು ನಂಬಿದೆ. ಸರ್ವ್ ಮಾಡಲು ನಿಂತರೆ ಕೈಕಾಲು ನಡುಗುವ ಪುಕ್ಕಲಿ ನಾನು ಎಂದೇ ತಿಳಿದೆ. ಹೆಗಲು ಹರಿದದ್ದಕ್ಕಿಂತ ನನಗೆ ಇಂದಿಗೂ ಉರಿಯುವುದು ಈ ಮಾತು.

ಆ ಪಟ್ಟಿಯಲ್ಲಿ ನನ್ನ ಹೆಸರು ಬರಲೇ ಇಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಮೈಸೂರಿನಲ್ಲಿ, ಎರಡನೇ ಸೆಟ್ಟಿನ ನಡುವೆ, ಚೆಂಡನ್ನು ಮೇಲೆ ಎಸೆದು ಕೈ ಬೀಸಿದೆ. ರಾಕೆಟ್ ಜಾರಿ ಕೆಳಗೆ ಬಿತ್ತು. ಕೈ ನನ್ನದಲ್ಲವೆನ್ನುವಂತೆ ಜೋತಾಡಿತು. ಬೆರಳು ಮಡಚಲು ಬರಲಿಲ್ಲ.

ಬೆಂಗಳೂರಿನ ಸರ್ಜನ್ ಹೊಸ ಎಂ.ಆರ್.ಐ. ನೋಡಿ ಲೇಬ್ರಮ್ ಎಂದರು. ಹೆಗಲ ಗುಳಿಯ ಅಂಚಿಗೆ ಇರುವ ರಬ್ಬರಿನಂಥ ಪಟ್ಟಿ ಅದು. ನನ್ನದು ಅರ್ಧ ಸುತ್ತು ಕಿತ್ತುಬಂದಿತ್ತು, ಪಕ್ಕದ ಕಾರ್ಟಿಲೇಜೂ ಸವೆದಿತ್ತು. ಇದು ಒಂದೇ ದಿನಕ್ಕೆ ಆದದ್ದಲ್ಲ, ಹಳೆಯ ಸ್ಕ್ಯಾನ್ ಇದೆಯಾ ಎಂದು ಕೇಳಿದರು.

"ಇಲ್ಲ ಸರ್, ಮಾಡ್ಸಿಲ್ಲ," ಎಂದ ಅಪ್ಪ.

ನನ್ನ ಪಕ್ಕದಲ್ಲೇ ಕುಳಿತು. ಕಣ್ಣು ಕೂಡ ಮಿಟುಕಿಸದೆ.

ಹೊರಗೆ ಬಂದು ಕೇಳಿದರೆ, ಅದು ಎಲ್ಲೋ ಕಳೆದುಹೋಗಿದೆ, ಹುಡುಕುತ್ತಾ ಕೂರಬೇಕಲ್ಲ ಎಂದು ಹಾಗಂದೆ ಎಂದ. ಆಪರೇಷನ್ನಿಗೆ ಅಡ್ಮಿಟ್ ಆದ ದಿನ, ಅಪ್ಪ ಫಾರ್ಮಸಿಗೆ ಹೋಗಿದ್ದಾಗ, ನಾನೇ ದಾವಣಗೆರೆಯ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಹೆಸರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದಳು.

"ಐತೆ ಮೇಡಂ. ಅವಾಗ್ಲೇ ನಿಮ್ ತಂದೆ ತಗಂಡ್ ಹೋಗಿದಾರಲ್ರಿ, ಸೈನ್ ಮಾಡಿದಾರೆ. ಇನ್ನೊಂದ್ ಕಾಪಿ ವಾಟ್ಸಾಪ್ ಮಾಡ್ಲೇನ್ರಿ?"

ಮಾಡು ಎಂದೆ. ಬಂತು. ಲೇಬ್ರಮ್‌ನಲ್ಲಿ ಸಣ್ಣ ಬಿರುಕು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೊಬೈಲನ್ನು ಸರ್ಜನ್‌ಗೆ ತೋರಿಸಿದೆ. ಆಗಲೇ ಮೂರು ತಿಂಗಳು ಸರ್ವ್ ನಿಲ್ಲಿಸಿ ಫಿಸಿಯೋಥೆರಪಿ ಮಾಡಿದ್ದರೆ ಬಹುಶಃ ಈ ಆಪರೇಷನ್ ಟೇಬಲ್ ತನಕ ಬರುತ್ತಿರಲಿಲ್ಲ ಎಂದರು. ಬಹುಶಃ ಎಂಬ ಮಾತನ್ನು ಒತ್ತಿ ಹೇಳಿದರು. ಒಳ್ಳೆಯವರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಅದೇ ಆಯಿತು.

ಆಪರೇಷನ್ ಆದ ಮೂರನೇ ದಿನ ಅಮ್ಮ ನನ್ನ ತಲೆ ಬಾಚುತ್ತಿದ್ದಳು. ಕೈ ಸ್ಲಿಂಗಿನಲ್ಲಿತ್ತು. ರಿಪೋರ್ಟಿನ ವಿಷಯ ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಬಾಚಣಿಗೆ ನಿಂತಿತು.

ಗೊತ್ತಿತ್ತು. ಅಮ್ಮನಿಗೆ, ಅಜ್ಜಿಗೆ, ದೊಡ್ಡಪ್ಪನಿಗೆ, ಎಲ್ಲರಿಗೂ ಗೊತ್ತಿತ್ತು.

ನಮ್ಮಲ್ಲಿ ಮದುವೆಯಿರಲಿ, ಬೋರ್‌ವೆಲ್ ಇರಲಿ, ದೊಡ್ಡ ಕೆಲಸಕ್ಕೆ ಮೊದಲು ಮನೆದೇವರ ಅಪ್ಪಣೆ ಕೇಳುತ್ತಾರೆ. ಪೂಜಾರಿ ದೇವರ ಮೈಮೇಲೆ ಹೂ ಅಂಟಿಸುತ್ತಾನೆ. ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ರಿಪೋರ್ಟ್ ಬಂದ ಮೂರನೇ ದಿನ ಇವರೆಲ್ಲ ಹೊಸದುರ್ಗದ ಕಡೆಯ ನಮ್ಮ ಮನೆದೇವರಿಗೆ ಹೋಗಿದ್ದರು. ಇವಳನ್ನು ಆಡಿಸಬೇಕೋ, ನಿಲ್ಲಿಸಬೇಕೋ ಎಂದು ಕೇಳಲು. ಅವತ್ತು ನಾನು ಮನೆಯಲ್ಲಿ ಹೆಗಲಿಗೆ ಐಸ್ ಇಟ್ಟುಕೊಂಡು ಕುಳಿತಿದ್ದೆ. ಸಂಜೆ ಬಂದು ಪ್ರಸಾದದ ಕಾಯಿಚೂರು ಕೊಟ್ಟಿದ್ದರು. ನಿನ್ನ ಟೂರ್ನಿಗೆ ಒಳ್ಳೆಯದಾಗಲಿ ಎಂದು ಹೋಗಿದ್ದೆವು ಎಂದಿದ್ದರು. ಕಣ್ಣಿಗೆ ಒತ್ತಿಕೊಂಡು ತಿಂದಿದ್ದೆ.

ನನ್ನ ಹೆಗಲ ಬಗ್ಗೆ ದೇವರನ್ನು ಕೇಳಿದರು. ನನ್ನನ್ನು ಕೇಳಲಿಲ್ಲ.

"ದೇವ್ರು ಆಡು ಅಂದ್ನಾ?" ಎಂದೆ.

ಅಮ್ಮ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು.

"ಮೊದ್ಲು ಎಡಕ್ಕೇ ಬಿತ್ತು ಕಣವ್ವ. ನಿಮ್ಮಪ್ಪ ಇನ್ನೊಂದ್ ಸಲ ಕೇಳಾಣ ಅಂದ್ರು. ಆಗ್ಲೂ ಎಡಕ್ಕೇ ಬಿತ್ತು. ಮೂರನೇ ಸಲಕ್ಕೆ ಬಲಕ್ಕೆ ಬಿತ್ತು. ಕಾಯಿ ಒಡಿಸ್ಕಂಡು ಎದ್ದು ಬಂದ್ವಿ."

ಅಪ್ಪ ದೇವರನ್ನೂ ಬಿಟ್ಟಿರಲಿಲ್ಲ. ತನಗೆ ಬೇಕಾದ್ದು ಹೇಳುವ ತನಕ ಕೂರಿಸಿ ಕೇಳಿದ್ದ, ಕ್ಲಾಸಿನಲ್ಲಿ ಹುಡುಗರ ಬಾಯಿ ಬಿಡಿಸುವ ಹಾಗೆ. ಅಷ್ಟೂ ಜನ ಅದನ್ನು ನೋಡುತ್ತ ಕುಳಿತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಮ್ಮ ಅಳುತ್ತಿದ್ದಳು. ನನಗೆ ಸಮಾಧಾನ ಮಾಡಬೇಕೆನಿಸಲಿಲ್ಲ. ಮಿಕ್ಕ ಅರ್ಧ ಜಡೆಯನ್ನು ನರ್ಸ್ ಹಾಕಿದರು.

ಅಪ್ಪನನ್ನು ಅದೇ ದಿನ ಕೇಳಿದೆ. ನೀನು ಹೆದರಿಬಿಡುತ್ತಿದ್ದೆ, ಇನ್ನೊಂದು ಮೂರು ತಿಂಗಳು ತಳ್ಳಿಬಿಟ್ಟರೆ ಪಟ್ಟಿಗೆ ಹೆಸರು ಬರುತ್ತಿತ್ತು, ಆಮೇಲೆ ಹೇಳೋಣ ಎಂದುಕೊಂಡೆ ಎಂದ. ಮೂರು ತಿಂಗಳು ಆಯಿತು, ಆರಾಯಿತು, ಹೇಳಲು ಬಾಯಿ ಬರಲಿಲ್ಲವಂತೆ.

"ಹೆಗ್ಲು ನಂದಲ್ವೇನಪ್ಪ?"

"ಆ ಹೆಗ್ಲು ಕಟ್ಟಿದ್ದೇ ನಾನು ಕಣವ್ವ. ನಾನು ಹಾಳು ಮಾಡ್ತೀನಾ?"

ಅವನು ಅದನ್ನು ನಿಜವಾಗಿಯೂ ನಂಬಿದ್ದ. ನನಗೆ ಭಯವಾದದ್ದು ಅದಕ್ಕೇ.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಇಮೇಲಿನ ಪಾಸ್‌ವರ್ಡ್ ಬದಲಾಯಿಸಿದ್ದು, ಎಡಗೈಯಲ್ಲಿ, ಒಂದೊಂದೇ ಅಕ್ಷರ ಒತ್ತಿ. ಫಿಸಿಯೋಥೆರಪಿಗೆ ದಿನಾ ಬಸ್ಸಿನಲ್ಲಿ ನಮ್ಮ ಜಿಲ್ಲಾ ಕೇಂದ್ರ ದುರ್ಗಕ್ಕೆ ಒಬ್ಬಳೇ ಹೋಗುತ್ತಿದ್ದೆ. ಮೊದಲ ತಿಂಗಳು ಬೆರಳಿನಿಂದ ಗೋಡೆ ಹತ್ತುವ ಆಟ. ಮೂರನೇ ತಿಂಗಳಿಗೆ ಲೋಟ ಎತ್ತಿದೆ. ಐದನೇ ತಿಂಗಳು ನನ್ನ ಜಡೆ ನಾನೇ ಹಾಕಿಕೊಂಡೆ, ಸೊಟ್ಟಗೆ. ಆ ದಿನ ಬಚ್ಚಲಲ್ಲಿ ಒಬ್ಬಳೇ ನಿಂತು ಅತ್ತೆ. ಅಪ್ಪನ ಜೊತೆ ಬೇಕಾದಷ್ಟೇ ಮಾತು: ಊಟ ಆಯ್ತು, ಕರೆಂಟ್ ಹೋಯ್ತು.

ಆರನೇ ತಿಂಗಳ ರಿವ್ಯೂ. ಸರ್ಜನ್ ತಿಂಗಳಿಗೊಮ್ಮೆ ದುರ್ಗದ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಅಪ್ಪ ಬರಲಾ ಎಂದು ಕೇಳಿದ. ಇಪ್ಪತ್ತು ವರ್ಷದಲ್ಲಿ ನನ್ನ ಜೊತೆ ಬರಲು ಅವನು ಕೇಳಿದ್ದು ಅದೇ ಮೊದಲು. ಬಾ, ಆದರೆ ಒಳಗೆ ಬೇಡ ಎಂದೆ.

ಒಳಗೆ ಸರ್ಜನ್ ಕೈ ತಿರುಗಿಸಿ, ಒತ್ತಿ, ಎತ್ತಿ ನೋಡಿದರು. ಕೈ ಚೆನ್ನಾಗಿ ಬಂದಿದೆ, ದಿನದ ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದರು. ಡಬಲ್ಸ್ ಆಡಿ ನೋಡಬಹುದು, ನಿಧಾನಕ್ಕೆ. ಆದರೆ ಆ ಹಳೆಯ ಸರ್ವ್ ಇನ್ನು ಬರುವುದಿಲ್ಲ, ಅದರ ಮೇಲೆ ನಿಂತ ಸಿಂಗಲ್ಸ್ ಆಟವೂ ಮುಗಿಯಿತೆಂದೇ ತಿಳಿಯಿರಿ ಎಂದರು. ಥ್ಯಾಂಕ್ಸ್ ಸರ್ ಎಂದೆ. ನಿಜವಾಗಿಯೇ ಎಂದೆ. ಮುಖ ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಹೊರಗೆ ಬಂದೆ. ಬೆಂಚಿನ ಮೇಲಿದ್ದ ಅಪ್ಪ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. ಆ ಕ್ಷಣ ನನಗೆ ಗೊತ್ತಾಯಿತು, ಸುಳ್ಳು ಹೇಳುವುದು ಎಷ್ಟು ಸುಲಭವೆಂದು. ಪರವಾಗಿಲ್ಲವಂತೆ, ಇನ್ನು ಮೂರು ತಿಂಗಳು ನೋಡೋಣವಂತೆ ಎಂದರೆ ಸಾಕು, ಅವನು ಊಟ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ. ನಾಲಗೆಯ ತುದಿಗೇ ಬಂದಿತ್ತು. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ಅವತ್ತು ದಾವಣಗೆರೆಯಿಂದ ಮನೆಗೆ ಬಂದಾಗ ಅವನಿಗೆ ಏನಾಗಿತ್ತು ಎಂಬುದು ಮಾತ್ರ ಅರ್ಥವಾಯಿತು.

"ಸಿಂಗಲ್ಸ್ ಮುಗೀತಪ್ಪ," ಎಂದೆ. "ಕೈ ಉಳೀತು. ಡಬಲ್ಸ್ ನೋಡ್ಬೇಕು."

ಅಪ್ಪ ಬೆಂಚಿನ ಮೇಲೆ ಕುಳಿತುಬಿಟ್ಟ. ನನ್ನತ್ತ ನೋಡದೆ, ಮೆಲ್ಲಗೆ ಕೇಳಿದ.

"ಇವತ್ತೇ ಹೇಳ್ಬೇಕಿತ್ತೇನವ್ವ?"

"ಹೂಂ," ಎಂದೆ. "ನಂಗೂ ಇವತ್ತೇ ಗೊತ್ತಾಗಿದ್ದು."