ಬಾಸಿಂಗ ಕಟ್ಟಿದ ರೋಮ್ ರಾಜ

ಅಕ್ಕಸಾಲಿಗನ ಒಲೆಯ ಮೇಲೆ ಮೂಸೆ ಕೆಂಪಗೆ ಕಾದಿತ್ತು. ಮುದುಕವ್ವ ಕೊರಳಿನ ಕರಿದಾರದಿಂದ ಚಿನ್ನದ ಕಾಸು ಬಿಚ್ಚಿದಳು, ಆದರೆ ಮುಷ್ಟಿ ಬಿಚ್ಚಲಿಲ್ಲ.

ಕೊಪ್ಪಳದ ಕಡೆಯಿಂದ ಬಂದು ವೈಟ್‌ಫೀಲ್ಡಿನ ಎಷ್ಟೋ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತವಳು; ಕಾಡುಗೋಡಿಯ ಒಂದೇ ಕೋಣೆಯಲ್ಲಿ ಮಗ ಮುತ್ತುವನ್ನು ಬೆಳೆಸಿದವಳು. ಗಂಡನ ಕಾಲು ಮುರಿದಾಗಲೂ ಈ ಕಾಸು ಮಾರಿರಲಿಲ್ಲ. ಅತ್ತೆಯಿಂದ ಬಂದದ್ದು. ಒಂದು ಕಡೆ ತಲೆಗೆ ಎಲೆ ಕಟ್ಟಿಕೊಂಡ ಗಂಡಸು, ಇನ್ನೊಂದು ಕಡೆ ಕೂತ ಹೆಂಗಸು. ಮನೆಯವರ ಪಾಲಿಗೆ ಅವನು ಬಾಸಿಂಗ ಕಟ್ಟಿದ ಮದುಮಗ, ಅವಳು ಮದುಮಗಳು. ಮನೆಯಲ್ಲಿ ಮದುವೆಯಾದರೆ ಮೊದಲ ಅರಿಶಿಣ ಅವನ ಕೆನ್ನೆಗೆ. ಆಮೇಲೆ ಅವನು ಸೊಸೆಯ ತಾಳಿಯ ಜೊತೆ ಸೇರಬೇಕು.

ಈಗ ಮುತ್ತುವಿನ ಮದುವೆ. ಹುಡುಗಿ ಸುಮಂಗಲಾ. ಅವಳ ಸೋದರಮಾವ ಪರಮಾನಂದ, ಪೀಣ್ಯದ ಫ್ಯಾಕ್ಟರಿಯೊಂದರ ಸೂಪರ್‌ವೈಸರ್, ಪಟ್ಟು ಹಿಡಿದಿದ್ದ: "ಯಾವನೋ ಪರದೇಶಿ ಮಾರಿ ನಮ್ಮ ಹುಡುಗಿ ಕೊರಳಾಗ ಬ್ಯಾಡ. ಕರಗಿಸಿ ತಾಳಿಗೆ ಗುಂಡು ಮಾಡಸ್ರಿ, ಇಲ್ಲಂದ್ರ ಮದುವಿ ಇಲ್ಲ." ಮದುವೆ ಮುರಿದೀತೆಂದು ಮುದುಕವ್ವ ಹೂಂ ಅಂದಿದ್ದಳು. ಅವಳು, ಪರಮಾನಂದ, ಸುಮಂಗಲಾ ಮೂವರೂ ಅಕ್ಕಸಾಲಿಗ ಶ್ರೀಧರನ ಅಂಗಡಿಗೆ ಬಂದಿದ್ದರು.

"ಕೊಡಮ್ಮ, ನೋಡೋಣ," ಎಂದು ಶ್ರೀಧರ ಕಾಸನ್ನು ಬೆಳಕಿಗೆ ಹಿಡಿದ. "ಅಯ್ಯೋ! ಇದು ರೋಮ್ ಚಕ್ರವರ್ತಿ ಕಾಸು ಕಣಮ್ಮ! ಮ್ಯೂಸಿಯಂನಲ್ಲಿ ನೋಡಿದೀನಿ. ನಮ್ಮ ಮೆಣಸು ಕೊಳ್ಳೋಕೆ ಹಡಗಲ್ಲಿ ತರ್ತಿದ್ರಂತೆ. ಈ ಎಲೆ ಗೆದ್ದ ರಾಜನ ತಲೆಗೆ ಕಟ್ಟೋದು."

"ನಾ ಹೇಳಲಿಲ್ಲೇನು, ಪರದೇಶಿ ಅಂತ? ಹಾಕ್ರಿ ಮೂಸ್ಯಾಗ!"

ಅಷ್ಟೇ. ಮುದುಕವ್ವನ ನೆತ್ತಿ ಮೂಸೆಗಿಂತ ಜಾಸ್ತಿ ಕಾಯಿತು. ಕಾಸು ಕಸಿದುಕೊಂಡಳು.

"ಏ ಬೀಗರ, ನೀವು ಪೀಣ್ಯಕ್ಕ ಬಂದು ಎಷ್ಟ್ ವರ್ಷಾತು? ರೇಷನ್ ಕಾರ್ಡು, ವೋಟು ಎಲ್ಲಾ ಇಲ್ಲೇ ಮಾಡ್ಕೊಂಡು ನಮ್ಮ ಬೆಂಗ್ಳೂರು ಅಂತೀರಿ. ಇಂವ ನಮ್ಮತ್ತಿಯ ಅತ್ತಿ ಕಾಲದಿಂದ ನಮ್ಮನಿ ಅರಿಶಿಣ ಹಚ್ಗೊಂಡು ಕುಂತಾನ. ಇಂವ ಪರದೇಶಿ, ನೀವು ಊರ ಗೌಡ್ರೇನು?"

ಪರಮಾನಂದ ಬಾಗಿಲ ಕಡೆ ತಿರುಗಿದ. "ಹಂಗಾರ ಮದುವಿ..."

"ಮಾಮಾ," ಪಕ್ಕದಲ್ಲಿ ಕೂತಿದ್ದ ಸುಮಂಗಲಾ ಎದ್ದಳು, "ತಾಳಿ ಕಟ್ಟೂದು ನಿನ್ನ ಕೊರಳಿಗೋ, ನನ್ನ ಕೊರಳಿಗೋ? ಅತ್ತಿ, ನನಗ ಆ ರಾಜ ಬೇಕು. ನಿಮ್ಮ ಮಗನೂ ಬೇಕು ಮತ್ತ."

ಶ್ರೀಧರ ನಗುತ್ತಾ ಒಲೆ ಆರಿಸಿದ.

ಮಾಕಳಿಯ ಕಲ್ಯಾಣ ಮಂಟಪದಲ್ಲಿ ಮುದುಕವ್ವ ಅರಿಶಿಣದ ಬಟ್ಟಲನ್ನು ಸೀದಾ ಪರಮಾನಂದನ ಮುಂದೆ ಹಿಡಿದಳು. "ಮೊದಲು ನೀವ ಹಚ್ರಿ, ಬೀಗರ." ಮುಖ ಗಂಟಿಕ್ಕಿಕೊಂಡೇ ಅವನು ರೋಮ್ ರಾಜನ ಕೆನ್ನೆಗೆ ಬೆರಳೊತ್ತಿದ, ಒತ್ತುತ್ತಲೇ ನಕ್ಕುಬಿಟ್ಟ. ಕೊರಳಿಗೆ ತಾಳಿ ಬಿತ್ತು, ಹಲಗೆ ವಾದ್ಯ ಮೊಳಗಿತು. ಸೊಸೆಯ ಎದೆಯ ಮೇಲೆ ರಾಜ ಹಳದಿ ಮುಖ ಹೊತ್ತು ಮಿಂಚಿದ.

ಮುದುಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯಲು ನಿಂತಳು. "ಯವ್ವಾ, ಸಾಕು ಬಿಡ," ಎಂದು ಮುತ್ತು ನಾಚಿಕೊಂಡರೂ ಅವಳು ಕುಣಿತ ಬಿಡಲಿಲ್ಲ.