ಟೋಕನ್ ಹದಿನಾಲ್ಕು, ಜಲಜಾಕ್ಷಿ ರಾವ್

ಕಳೆದ ಭಾನುವಾರ ನೆರೂಳಿನ ಒಂದು ಸಭಾಂಗಣದಲ್ಲಿ ನಮ್ಮತ್ತೆಯ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗಿದರು. ನಮ್ಮತ್ತೆ ತೀರಿಕೊಂಡು ಹತ್ತು ತಿಂಗಳಾಯಿತು.

ತಪ್ಪು ಕೂಗಿದವರದಲ್ಲ. ನನ್ನದು. ಮೊದಲಿನಿಂದ ಹೇಳುತ್ತೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಶುರುವಾದದ್ದು ಇಂಟರ್‌ಕಾಮಿನಿಂದ. ಡೊಂಬಿವಲಿಯ ನಮ್ಮ ಸೊಸೈಟಿಯ ವಾಚ್‌ಮನ್ ಹನ್ನೊಂದೂವರೆಗೆ ಫೋನ್ ಮಾಡಿ ಪಾರ್ಸಲ್ ಮೇಲೆ ಕಳಿಸಲೇ ಎಂದು ಕೇಳುತ್ತಾನೆ. ಅವತ್ತೂ ಕೇಳಿದ. "ಹಾಂ, ಭೇಜ್ ದೋ" ಎಂದೆ. ಅವನು ಒಂದು ಕ್ಷಣ ತಡೆದು, "ಅಂಕಲ್, ಮೇಡಂ ಘರ್ ಪೆ ಹೈ ಕ್ಯಾ?" ಎಂದ.

ಅಷ್ಟು ಹೊತ್ತಿಗೆ ನಮ್ಮವರು ಮುಂಬಯಿಯ ಫೋರ್ಟಿನ ಆಫೀಸಿನಲ್ಲಿ ಎರಡನೇ ಚಹಾ ಕುಡಿಯುತ್ತಿರುತ್ತಾರೆ. ಅಂಕಲ್ ಎಂದದ್ದು ನನಗೇ. ದನಿ ಅಷ್ಟು ಗೊಗ್ಗರಾಗಿತ್ತು; ಮೇಡಂ ಮನೆಯಲ್ಲಿದ್ದಾರೆಯೇ ಎಂದು ಮೇಡಂ ಹತ್ತಿರವೇ ಕೇಳಿದ್ದ.

ರಿಸೀವರ್ ಇಟ್ಟ ಮೇಲೆ ಹೊಳೆಯಿತು. ಆ ದಿನ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಬೆಳಿಗ್ಗೆ ಐದೂವರೆಗೆ ಎದ್ದಿದ್ದೆ. ಚಹಾ, ಚಪಾತಿ, ಡಬ್ಬಿ. (ಡಬ್ಬಿ ಕೊಡಲು, ತೆಗೆದುಕೊಳ್ಳಲು ಮಾತು ಬೇಕಿಲ್ಲ. ಕೈ ಸಾಕು.) ಮಗಳು ಅನಘಾ ರೂಮಿನ ಬಾಗಿಲು ಹಾಕಿಕೊಂಡು ದಿನವಿಡೀ ಆಫೀಸಿನವರ ಜೊತೆ ಲ್ಯಾಪ್‌ಟಾಪಿನಲ್ಲಿ ಮಾತಾಡುತ್ತಿರುತ್ತಾಳೆ. ನಾನು ಅಡುಗೆಮನೆಯಿಂದ ಫ್ಯಾಮಿಲಿ ಗ್ರೂಪಿನಲ್ಲಿ 'ಊಟ' ಎಂದು ಹಾಕಿದರೆ ಅವಳು ಹೆಬ್ಬೆರಳು ಹಾಕುತ್ತಾಳೆ. ಒಂದೇ ಮನೆ, ಎಂಟು ಹೆಜ್ಜೆ ದೂರ.

ಕಿವಿ-ಮೂಗು-ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಗಾಬರಿಪಡುವಂಥದ್ದೇನಿಲ್ಲ, ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ ಎಂದರು. ಹೋದೆ. ಠಾಣೆಯಲ್ಲಿ ಸಣ್ಣ ಕ್ಲಿನಿಕ್ಕು. ಥೆರಪಿಸ್ಟ್ ಹೆಸರು ಸ್ನೇಹಲ್, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನನ್ನನ್ನು 'ಕಾಕು' ಎಂದು ಕರೆದಳು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಯಾರಾದರೂ ನನ್ನನ್ನು ಏನಾದರೂ ಎಂದು ಕರೆದು ಎಷ್ಟು ದಿನವಾಗಿತ್ತೋ.

ಸ್ನೇಹಲ್ ಒಂದು ಹಾಳೆ ಕೊಟ್ಟಳು. ಒಂದು ವಾರ ನಾನು ಆಡಿದ ಮಾತನ್ನೆಲ್ಲ ಅದರಲ್ಲಿ ಬರೆಯಬೇಕು. ಯಾವಾಗ, ಯಾರ ಜೊತೆ, ಎಷ್ಟು ನಿಮಿಷ, ಯಾವ ಭಾಷೆ, ಮೆಲ್ಲಗೋ ಜೋರಾಗೋ. ದನಿಯ ಡೈರಿ ಅಂತೆ. ಅದನ್ನು ನೋಡಿ ಅವರು ಚಿಕಿತ್ಸೆ ನಿರ್ಧರಿಸುತ್ತಾರೆ.

ಮೊದಲ ದಿನ ಪ್ರಾಮಾಣಿಕವಾಗಿ ಬರೆದೆ. ವಾಚ್‌ಮನ್, ಅರ್ಧ ನಿಮಿಷ, ಹಿಂದಿ. ಕಸದವಳು, ಕಾಲು ನಿಮಿಷ, ಮರಾಠಿ. ರಾತ್ರಿ ನಮ್ಮವರು 'ಉಪ್ಪಿನಕಾಯಿ' ಎಂದರು, ಕೊಟ್ಟೆ. ಅದು ಅವರ ಮಾತು, ನನ್ನದಲ್ಲ. ಬರೆಯಲಿಲ್ಲ.

ಹಾಳೆಯಲ್ಲಿ ಇಪ್ಪತ್ತು ಸಾಲು ಇದ್ದವು. ಎರಡು ತುಂಬಿದ್ದವು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಖಾಲಿ ಪುಟ ಒಪ್ಪಿಸುವ ಪದ್ಧತಿಯೇ ಇಲ್ಲ. ಉತ್ತರ ಬಾರದಿದ್ದರೆ ಪ್ರಶ್ನೆಯನ್ನಾದರೂ ದುಂಡಗೆ ಬರೆಯಿರಿ ಎನ್ನುತ್ತಿದ್ದರು ನಮ್ಮ ಸಿಸ್ಟರ್. ಎರಡನೆಯ ದಿನ ಆ ಹಾಳೆ ಎದುರಿಗಿಟ್ಟುಕೊಂಡು ಕೂತೆ. ಪೆನ್ನು ತಾನಾಗಿಯೇ ಬರೆಯಿತು: 'ಬೆಳಿಗ್ಗೆ ಒಂಬತ್ತು. ಅತ್ತೆ. ದೋಸೆ ಹಿಟ್ಟು ಹುಳಿ ಬಂದಿದೆಯೇ ಇಲ್ಲವೇ. ಇಪ್ಪತ್ತು ನಿಮಿಷ. ಜೋರು.'

ನಮ್ಮತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮಷಿನ್ ತಂದರೆ ಟಿಫಿನ್ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟರು, ಹಾಳಾಗಬಾರದಂತೆ. ಹೀಗಾಗಿ ಹನ್ನೊಂದು ವರ್ಷ ನಾನು ಈ ಮನೆಯಲ್ಲಿ ಕೂಗಿಯೇ ಬದುಕಿದೆ. ಕೂಗಿ ಕೂಗಿ ಹೇಳಿದರೆ ಅವರು ತಣ್ಣಗೆ, "ಎಂತಕ್ಕೆ ಬೊಬ್ಬೆ ಹಾಕ್ತಿ ಮಾರಾಯ್ತಿ? ನಾನೇನು ಕಿವುಡಿಯಾ?" ಎನ್ನುತ್ತಿದ್ದರು. ನಮ್ಮ ಮನೆಯ ಹುಳಿಗೆ ಇವತ್ತು ಯಾವ ತರಕಾರಿ ಎಂಬುದು ಸೊಸೈಟಿಯ ಮೂರೂ ವಿಂಗಿಗೆ ಗೊತ್ತಿರುತ್ತಿತ್ತು. ಪಕ್ಕದ ಮನೆಯ ಕುಲಕರ್ಣಿ ಆಜಿ ಬಾಗಿಲಲ್ಲಿ ನಿಂತು, ಬೆಂಡೆಕಾಯಿ ಎಷ್ಟಕ್ಕೆ ತಂದೆ ಎಂದು ಕೇಳುತ್ತಿದ್ದರು.

ಅತ್ತೆ ಹೋದರು. ಕೂಗುವುದು ನಿಂತಿತು. ಮೆಲ್ಲಗೆ ಮಾತಾಡುವುದನ್ನು ಯಾರ ಜೊತೆ ಶುರು ಮಾಡಲಿ?

ಹಾಳೆ ತುಂಬುತ್ತ ಹೋಯಿತು. ಅತ್ತೆಗೆ ಪೇಪರ್ ಓದಿ ಹೇಳಿದ್ದು, ನಿಧನ ವಾರ್ತೆ ಸಮೇತ, ನಲವತ್ತು ನಿಮಿಷ, ತುಂಬಾ ಜೋರು. ಸೀರಿಯಲ್ಲಿನಲ್ಲಿ ಆ ಹುಡುಗಿ ಯಾಕೆ ಅಳುತ್ತಿದ್ದಾಳೆ ಎಂದು ವಿವರಿಸಿದ್ದು, ಹದಿನೈದು ನಿಮಿಷ, ಎರಡು ಸಲ. ಸುಳ್ಳು ಎನ್ನುತ್ತೀರಾ? ಸುಳ್ಳೇ. ಆದರೆ ಒಂದೂ ಕಲ್ಪಿಸಿ ಬರೆದದ್ದಲ್ಲ. ಹೋದ ವರ್ಷದ ದಿನಗಳನ್ನು ಈ ವರ್ಷದ ಹಾಳೆಗೆ ಇಳಿಸಿದೆ, ಅಷ್ಟೆ. ಆ ವಾರದಷ್ಟು ಸುಖವಾದ ವಾರ ಈಚೆಗೆ ಬಂದಿರಲಿಲ್ಲ.

ಸ್ನೇಹಲ್ ಹಾಳೆ ಓದಿ ಹಣೆ ಹಿಡಿದುಕೊಂಡಳು. "ಕಾಕು, ದಿನಕ್ಕೆ ಎರಡೂವರೆ ಗಂಟೆ ಕೂಗಿದರೆ ಗಂಟಲು ಏನಾಗಬೇಕು? ಇದೇ ಕಾರಣ." ಅವಳ ಚಿಕಿತ್ಸೆ: ಏಳು ದಿನ ಪೂರ್ತಿ ಮೌನ. ಪಿಸುಮಾತೂ ಇಲ್ಲ.

ಮಾತಿಲ್ಲದೆ ದನಿ ಜಂಗು ಹಿಡಿದವಳಿಗೆ, ಮಾತು ನಿಲ್ಲಿಸು ಎಂಬ ಔಷಧ. ನಗಬೇಕೋ ಏನೋ ತಿಳಿಯಲಿಲ್ಲ. ತಲೆಯಾಡಿಸಿದೆ.

ಅಷ್ಟಕ್ಕೇ ಬಿಡಲಿಲ್ಲ ಅವಳು. "ಭಾನುವಾರ ನೆರೂಳಿನಲ್ಲಿ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ ಇದೆ. ಸ್ಪೀಚ್ ಥೆರಪಿಯವರು, ಕಿವಿ ಪರೀಕ್ಷೆಯವರು ಎಲ್ಲ ಒಟ್ಟಿಗೆ. ನಿಮ್ಮ ದನಿ ಅಲ್ಲೇ ನೋಡ್ತೀನಿ. ಸಾಸೂಬಾಯಿಯನ್ನೂ ಕರಕೊಂಡು ಬನ್ನಿ, ಕಿವಿ ಫ್ರೀ ಚೆಕ್ ಮಾಡಿಸೋಣ. ಹೆಸರು ಹೇಳಿ, ಬರಕೋತೀನಿ."

ಆಗಲೇ ನಿಜ ಹೇಳಬಹುದಿತ್ತು. ಆದರೆ ಅತ್ತೆಯ ಹೆಸರನ್ನು ಯಾರೋ ಕೇಳಿ, ಯಾರೋ ಬರೆದುಕೊಳ್ಳುತ್ತಿದ್ದರು. ಹೇಳಿಬಿಟ್ಟೆ. ಜಲಜಾಕ್ಷಿ ರಾವ್. ವಯಸ್ಸು ಎಂಬತ್ತೊಂದು.

ಮೌನದ ವಾರ ಹೇಗಿತ್ತು ಎನ್ನುತ್ತೀರಾ? ಗ್ರೂಪಿನಲ್ಲಿ ತಿಳಿಸಿದೆ, ಒಂದು ವಾರ ನಾನು ಮಾತಾಡುವಂತಿಲ್ಲ ಎಂದು. ನಮ್ಮವರು ಹೆಬ್ಬೆರಳು ಹಾಕಿದರು. ಅನಘಾ 'ಟೇಕ್ ಕೇರ್ ಮಮ್ಮಾ' ಎಂದು ಒಂದು ಕೆಂಪು ಹೃದಯ ಹಾಕಿದಳು. ಮುಗಿಯಿತು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ಮೂರನೇ ದಿನ ನಾನು ಮೌನದಲ್ಲಿದ್ದೇನೆ ಎಂಬುದು ನನಗೇ ಮರೆತುಹೋಗಿತ್ತು.

ಶಾಲೆಯಲ್ಲಿ ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹತ್ತು ವರ್ಷದಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಅದಕ್ಕಾಗಿ ಒಂದು ಮೆಡಲ್ ಕೊಟ್ಟಿದ್ದರು. ಆ ವಾರ ಅದನ್ನು ಹುಡುಕಿದೆ, ಸಿಗಲಿಲ್ಲ.

ಭಾನುವಾರ ಒಬ್ಬಳೇ ಹೊರಟೆ. 'ಅತ್ತೆಗೆ ಜ್ವರ, ಬರಲಾಗಲಿಲ್ಲ' ಎಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೆ. ಠಾಣೆಯಲ್ಲಿ ಇಳಿದು ನೆರೂಳಿನ ಗಾಡಿ ಹತ್ತಿದೆ. ಲೇಡೀಸ್ ಡಬ್ಬಿ ಖಾಲಿಯಿತ್ತು. ಎದುರಿಗೆ ಬಂದು ಕೂತ ಹೆಂಗಸು ನನ್ನ ಕೈಯಲ್ಲಿದ್ದ ಕನ್ನಡ ಪೇಪರ್ ನೋಡಿ ಮುಖ ಅರಳಿಸಿದಳು. ಕಲಬುರಗಿ ಕಡೆಯವಳು, ಘಣಸೋಲಿಯಲ್ಲಿ ಬಿಲ್ಡಿಂಗ್ ಕೆಲಸ.

"ನಮ್ಮವ್ರೇ ಅದೀರಿ. ಎಲ್ಲಿಗ್ ಹೊಂಟೀರ್ರಿ ಅಕ್ಕಾರ?"

ಹತ್ತು ತಿಂಗಳಲ್ಲಿ ಮೊದಲ ಸಲ ಒಬ್ಬರು ತಾವಾಗಿ ನನ್ನ ಜೊತೆ ಕನ್ನಡದಲ್ಲಿ ಮಾತಿಗೆ ಬಂದಿದ್ದರು. ನನಗೆ ಮೌನದ ಏಳನೇ ದಿನ. ಗಂಟಲು ತೋರಿಸಿ ಕೈಯಾಡಿಸಿದೆ.

"ಅಯ್ಯ ಪಾಪ, ಮಾತ್ ಬರಂಗಿಲ್ಲೇನ್ರಿ? ಇರ್ಲಿ ಬಿಡ್ರಿ. ಮಾತ್ ಬರೋರು ಏನ್ ಉದ್ಧಾರ ಆಗ್ಯಾರ."

ಆಮೇಲೆ ಘಣಸೋಲಿ ಬರುವವರೆಗೆ ಅವಳೇ ಮಾತಾಡಿದಳು. ತಂಗಿಯ ಜೊತೆ ಆದ ಜಗಳ, ಗಂಡನಿಗೂ ಗೊತ್ತಿಲ್ಲದ ಇನ್ನೊಂದು ಸಂಗತಿ. ಇಳಿಯುವಾಗ ನನ್ನ ಮೊಣಕಾಲು ತಟ್ಟಿ, "ನೀವ್ ಯಾರ್ ಮುಂದೂ ಹೇಳಂಗಿಲ್ಲಲ್ಲ, ಅದಕ್ಕ ಹೇಳೀನಿ" ಎಂದಳು. (ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.)

ಸಭಾಂಗಣದಲ್ಲಿ ಚೆಂಡು ಹೂವಿನ ತೋರಣ, ವೇದಿಕೆಯ ಹಿಂದೆ ದೊಡ್ಡದಾಗಿ 25. ಸಂಘ ಕಟ್ಟಿದವರಲ್ಲಿ ಒಬ್ಬರು, ಬಿಳಿ ಕೂದಲಿನ ಡಾಕ್ಟರಮ್ಮ, ಶುರುವಿನಲ್ಲಿ ಎರವಲು ಕೋಣೆಯಲ್ಲಿ ಸೇರುತ್ತಿದ್ದೆವು, ಎಲ್ಲರಿಗೂ ಸೇರಿ ಒಂದೇ ಟೇಪ್ ರೆಕಾರ್ಡರ್ ಇತ್ತು ಎಂದು ನೆನಪಿಸಿಕೊಂಡರು. ಭಾಷಣಗಳಾದವು. (ಮಾತಿನ ತಜ್ಞರು ಎಂದ ಮಾತ್ರಕ್ಕೆ ಭಾಷಣ ಚಿಕ್ಕದಾಗಿರುವುದಿಲ್ಲ.)

ಆಮೇಲೆ ಒಬ್ಬ ನಿವೃತ್ತ ಮೇಷ್ಟ್ರನ್ನು ವೇದಿಕೆಗೆ ಕರೆದರು. ಪಾರ್ಶ್ವವಾಯು ಬಡಿದು ಮಾತು ಹೋಗಿತ್ತಂತೆ. ಹೆಸರು ಹೇಳಿದರು. "ಮಾಝಂ ಗಾವ್..." ಎಂದು ನಿಂತರು. ಊರಿನ ಹೆಸರು ಬರುತ್ತಿಲ್ಲ.

ಅವರ ಎದೆಯ ಮೇಲಿನ ಬ್ಯಾಡ್ಜಿನಲ್ಲಿ 'ಕಲ್ಯಾಣ' ಎಂದು ಬರೆದಿತ್ತು. ಎಲ್ಲರಿಗೂ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿಯ ಬಾಯಿ ತೆರೆದುಕೊಂಡಿತು, ಸೆರಗು ಒತ್ತಿ ಮುಚ್ಚಿಕೊಂಡರು. ಅಷ್ಟು ಜನರಲ್ಲಿ ಒಬ್ಬರೂ ಹೇಳಿಕೊಡಲಿಲ್ಲ. ಒಬ್ಬರೂ ಫೋನ್ ನೋಡಲಿಲ್ಲ. ಸುಮ್ಮನೆ ಕಾದರು. ಫ್ಯಾನಿನ ಸದ್ದು ಮಾತ್ರ. ಕೊನೆಗೆ ಅವರೇ "ಕಲ್ಯಾಣ" ಎಂದರು.

ಒಬ್ಬರ ಒಂದು ಮಾತಿಗೆ ಇಷ್ಟು ಜನ ಕಾಯುತ್ತಾರೆಯೇ?

ಊಟಕ್ಕೆ ಮೊದಲು ಕಿವಿ ಪರೀಕ್ಷೆ ಶುರುವಾಯಿತು. ಒಂದೊಂದೇ ಟೋಕನ್ ಕರೆಯುತ್ತಿದ್ದರು. ನಾನು ಚೀಟಿ ಹಿಡಿದು ಸ್ನೇಹಲ್‌ಳನ್ನು ಹುಡುಕುತ್ತಿದ್ದೆ.

"ಟೋಕನ್ ಹದಿನಾಲ್ಕು, ಜಲಜಾಕ್ಷಿ ರಾವ್."

ಎರಡನೇ ಸಲ ಕರೆದರು. ಅಷ್ಟರಲ್ಲಿ ವೇದಿಕೆಯ ಹತ್ತಿರವಿದ್ದ ಸ್ನೇಹಲ್, "ಆಜೀನಾ ಐಕೂ ಯೇತ್ ನಾಹೀ" ಎಂದು ಮೈಕ್ ಕೈಗೆ ತೆಗೆದುಕೊಂಡಳು. ಅಜ್ಜಿಗೆ ಕಿವಿ ಕೇಳಿಸುವುದಿಲ್ಲವಲ್ಲ, ಜೋರಾಗಿಯೇ ಕರೆಯಬೇಕು. ಉಸಿರು ತುಂಬಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು.

"ಜಲಜಾಕ್ಷಿ ಆಜೀ."

ಹನ್ನೊಂದು ವರ್ಷ ನಾನು ಕರೆದದ್ದು ಹಾಗೆಯೇ. ಅಷ್ಟೇ ಜೋರಾಗಿ, ಅಷ್ಟೇ ಎಳೆದು. ಸಭಾಂಗಣದ ಮೂಲೆಯಲ್ಲಿ ಯಾವುದೋ ಕುರ್ಚಿಯಿಂದ 'ಎಂತಕ್ಕೆ ಬೊಬ್ಬೆ ಹಾಕ್ತಿ' ಎಂದು ಕೇಳಿಸುತ್ತದೇನೋ ಎಂದು ನಾನು ತಿರುಗಿ ನೋಡಿದ್ದು ನಿಜ.

"ಅವರಿಲ್ಲ."

ಹೇಳಿದ್ದು ನಾನು. ಚೀಟಿ ಕೈಯಲ್ಲೇ ಇತ್ತು. ಏಳು ದಿನದ ಮೇಲೆ ಬಂದ ಮೊದಲ ಮಾತು, ಕನ್ನಡದಲ್ಲಿ, ಹಳೆಯ ಅಳತೆಯಲ್ಲಿ ಬಂತು. ಇಡೀ ಹಾಲ್ ತಿರುಗಿತು. ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಮರಾಠಿಯಲ್ಲಿ, ಮೆಲ್ಲಗೆ ಹೇಳಿದೆ. ಹತ್ತು ತಿಂಗಳಾಯಿತು ಎಂದೂ ಹೇಳಿದೆ.

ಸ್ನೇಹಲ್ ನನ್ನನ್ನು ಚಹಾದ ಮೇಜಿನ ಪಕ್ಕ ಕೂರಿಸಿದಳು. ಫೈಲು ತೆಗೆದು ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಮತ್ತೆ ಈ ಎರಡೂವರೆ ಗಂಟೆ, ಕಾಕು?"

"ಹೋದ ವರ್ಷದ್ದು."

"ಈ ವರ್ಷದ್ದು?"

"ವಾಚ್‌ಮನ್."

ಬೈಯುತ್ತಾಳೆ ಎಂದುಕೊಂಡೆ. ಅವಳು ಆ ಮೇಷ್ಟ್ರಿಗೆ ಕಾದ ಹಾಗೆಯೇ ಕಾದಳು. ನಾನು ಹೇಳಿದೆ. ದೋಸೆ ಹಿಟ್ಟು, ಟಿಫಿನ್ ಡಬ್ಬಿಯೊಳಗಿನ ಮಷಿನ್, ಎಲ್ಲ. ಚಹಾ ಆರಿತು. ಆಮೇಲೆ ಅವಳು, "ಈಗ ಕೂಗಿದಿರಲ್ಲ, ಆ ದನಿಗೆ ಏನೂ ಆಗಿಲ್ಲ. ಕೆಲಸ ಇಲ್ಲದೆ ಕೂತಿದೆ ಅಷ್ಟೆ. ಚುಪ್ ಇರಿ ಅಂತ ನಿಮಗೆ ಹೇಳಿದ್ನಲ್ಲ ನಾನು" ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಹೊಸ ಹಾಳೆ ಕೊಟ್ಟಿದ್ದಾಳೆ. ದಿನಕ್ಕೆ ಹದಿನೈದು ನಿಮಿಷ ದನಿ ತೆಗೆದು ಮಾತಾಡಬೇಕು, ಯಾರ ಜೊತೆಯಾದರೂ. ಖಾಲಿ ಇದ್ದರೆ ಖಾಲಿ ಇರಲಿ, ಸುಳ್ಳು ಬೇಡ ಎಂದಿದ್ದಾಳೆ.

ಭಾನುವಾರ ಸಂಜೆ ಮನೆಗೆ ಬಂದಾಗ ನಮ್ಮವರು ಫೋನಿನಿಂದ ತಲೆ ಎತ್ತದೆ "ಹೇಗಿತ್ತು ಫಂಕ್ಷನ್?" ಎಂದರು. "ಚೆನ್ನಾಗಿತ್ತು" ಎಂದೆ. "ಓ, ದನಿ ಬಂತಲ್ಲ" ಎಂದರು. ಕೆಟ್ಟವರಲ್ಲ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳಬಹುದಿತ್ತು, ಅದನ್ನೂ ಒಪ್ಪುತ್ತೇನೆ.

ಇವತ್ತು ಮಂಗಳವಾರ. ಬಾಲ್ಕನಿಯ ಬಾಗಿಲು ಹಾಕಿ, ಈ ಬರಹವನ್ನು ಮೊದಲಿನಿಂದ ಇಲ್ಲಿಯವರೆಗೆ ಜೋರಾಗಿ ಓದಿದೆ. ಹದಿನೈದು ನಿಮಿಷಕ್ಕೆ ತುಸು ಕಡಿಮೆಯಾಯಿತು. ಹಾಳೆಯಲ್ಲಿ ಬರೆದಿದ್ದೇನೆ: ಕನ್ನಡ, ಸಾಧಾರಣ ಜೋರು. 'ಯಾರ ಜೊತೆ' ಎಂಬಲ್ಲಿ ಮಾತ್ರ ಇನ್ನೂ ಖಾಲಿಯಿದೆ.

ನಿಮ್ಮ ಹೆಸರು ಬರೆದುಕೊಳ್ಳಲೇ?